ಟೆಹ್ರಿ ಗಢವಾಲ: ಕಾಡನ್ನೇ ಖಜಾನೆ ಮಾಡಿಕೊಂಡ ಸಂಸ್ಥಾನ

ಗಂಗೋತ್ರಿಗೆ ಹೋಗಿ ಬಂದ ಕನ್ನಡಿಗರಲ್ಲಿ ಹೆಚ್ಚಿನವರು ಟೆಹ್ರಿಯನ್ನು ನೋಡಿರುತ್ತಾರೆ, ನೋಡಿದ್ದು ಗೊತ್ತಿರುವುದಿಲ್ಲ ಅಷ್ಟೇ. ಋಷಿಕೇಶದಿಂದ ಘಟ್ಟ ಹತ್ತಿ ನರೇಂದ್ರನಗರ, ಚಂಬಾ ದಾಟಿ ಮುಂದೆ ಹೋದರೆ ಬೆಟ್ಟಗಳ ನಡುವೆ ಹಸಿರು ನೀರಿನ ದೊಡ್ಡ ಜಲಾಶಯ ಕಾಣುತ್ತದೆ. ಡ್ರೈವರ್ ಗಾಡಿ ನಿಲ್ಲಿಸುತ್ತಾನೆ, ಎಲ್ಲರೂ ಇಳಿದು ಫೋಟೊ ತೆಗೆಸಿಕೊಳ್ಳುತ್ತಾರೆ, ಚಹಾ ಕುಡಿದು ಮತ್ತೆ ಹತ್ತುತ್ತಾರೆ. ಆ ನೀರಿನಡಿ ಇರುವುದು ಒಂದು ಸಂಸ್ಥಾನದ ರಾಜಧಾನಿ. ಇವತ್ತಿನ ಕಥೆ ಆ ಸಂಸ್ಥಾನದ್ದು.

ಮೊದಲು ನಕ್ಷೆ ನೋಡೋಣ. ಎಡಕ್ಕೆ ಯಮುನಾ, ನಡುವೆ ಭಾಗೀರಥಿ, ಬಲಕ್ಕೆ ಅಲಕನಂದಾ. ಭಾಗೀರಥಿ, ಅಲಕನಂದಾ ದೇವಪ್ರಯಾಗದಲ್ಲಿ ಕೂಡುತ್ತವೆ. ಅಲ್ಲಿಂದ ಕೆಳಕ್ಕೆ ಹರಿಯುವ ನೀರಿಗೆ ಗಂಗೆ ಎಂದು ಹೆಸರು. ಟೆಹ್ರಿ ಸಂಸ್ಥಾನ ಇದ್ದದ್ದು ಅಲಕನಂದೆಯ ಪಶ್ಚಿಮಕ್ಕೆ. ವಿಸ್ತೀರ್ಣ ಸುಮಾರು 4,200 ಚದರ ಮೈಲಿ, ಅಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ತುಸು ದೊಡ್ಡದು. 1901ರ ಜನಗಣತಿಯಲ್ಲಿ ಅಲ್ಲಿದ್ದ ಜನ 2 ಲಕ್ಷ 69 ಸಾವಿರದಷ್ಟು ಮಾತ್ರ. ಉಳಿದದ್ದೆಲ್ಲ ಬೆಟ್ಟ, ಹಿಮ, ಕಾಡು. ಗಂಗೋತ್ರಿ, ಯಮುನೋತ್ರಿ ಎರಡೂ ಈ ರಾಜ್ಯದ ಒಳಗಿದ್ದವು. ಬದರಿ, ಕೇದಾರ ಮಾತ್ರ ಆಚೆಗೆ, ಬ್ರಿಟಿಷರ ಗಢವಾಲದಲ್ಲಿ. ಚಾರ್‌ಧಾಮಗಳು ಹೀಗೆ ಎರಡೆರಡಾಗಿ ಹಂಚಿಹೋದದ್ದು ಯಾಕೆ?

ಅದಕ್ಕೆ 1803ಕ್ಕೆ ಹೋಗಬೇಕು. ಆಗ ಗಢವಾಲ ಒಂದೇ ರಾಜ್ಯ. ಪಂವಾರ್ ವಂಶದ ಆಳ್ವಿಕೆ, ಅಲಕನಂದೆಯ ದಡದ ಶ್ರೀನಗರ ರಾಜಧಾನಿ. ಕಾಶ್ಮೀರದ ಶ್ರೀನಗರ ಬೇರೆ, ಇದು ಬೇರೆ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಭಾರಿ ಭೂಕಂಪವಾಗಿ ನಾಡು ನೆಲಕಚ್ಚಿತು. ಅದೇ ಸಮಯ ನೋಡಿ ನೇಪಾಳದ ಗೂರ್ಖಾ ಸೈನ್ಯ ನುಗ್ಗಿತು. ರಾಜ ಪ್ರದ್ಯುಮ್ನ ಶಾಹ 1804ರಲ್ಲಿ ಡೆಹ್ರಾಡೂನಿನ ಖುಡಬುಡಾ ಎಂಬಲ್ಲಿ ಹೋರಾಡಿ ಸತ್ತ. ಮುಂದಿನ ಹತ್ತು ಹನ್ನೊಂದು ವರ್ಷಗಳನ್ನು ಅಲ್ಲಿಯ ಜನ ಇಂದಿಗೂ ‘ಗೋರ್ಖ್ಯಾಣಿ’ ಎಂದು ಕರೆಯುತ್ತಾರೆ, ಒಳ್ಳೆಯ ಅರ್ಥದಲ್ಲಿ ಅಲ್ಲ. ಕಂದಾಯ ಕಟ್ಟಲಾಗದವರನ್ನು ಹರಿದ್ವಾರಕ್ಕೆ ಎಳೆತಂದು ಗುಲಾಮರನ್ನಾಗಿ ಮಾರುತ್ತಿದ್ದ ಕಾಲ ಅದು.

ಸತ್ತ ರಾಜನ ಮಗ ಸುದರ್ಶನ ಶಾಹ ಬಯಲಿಗಿಳಿದು ಈಸ್ಟ್ ಇಂಡಿಯಾ ಕಂಪನಿಯ ಮೊರೆಹೊಕ್ಕ. 1814ರಲ್ಲಿ ಕಂಪನಿಗೂ ನೇಪಾಳಕ್ಕೂ ಯುದ್ಧ ಶುರುವಾಯಿತು, ಗೂರ್ಖಾಗಳು ಸೋತರು. ಆದರೆ ಕಂಪನಿ ಧರ್ಮಕ್ಕೆ ಯುದ್ಧ ಮಾಡುವ ಪೈಕಿ ಅಲ್ಲವಲ್ಲ. ಅಲಕನಂದೆ, ಮಂದಾಕಿನಿಗಳ ಪೂರ್ವದ ಭಾಗವನ್ನೂ ಡೆಹ್ರಾಡೂನನ್ನೂ ತಾನೇ ಇಟ್ಟುಕೊಂಡಿತು. ಪಶ್ಚಿಮದ ಬೆಟ್ಟಗಳನ್ನು ರಾಜನ ಕೈಗಿಟ್ಟಿತು. ಹಳೆಯ ರಾಜಧಾನಿ ಶ್ರೀನಗರ ಇದ್ದದ್ದು ನದಿಯ ಪೂರ್ವ ದಡದಲ್ಲಿ. ಹಾಗಾಗಿ ಸುದರ್ಶನ ಶಾಹನಿಗೆ ರಾಜ್ಯ ಸಿಕ್ಕಿತು, ರಾಜಧಾನಿ ಸಿಗಲಿಲ್ಲ. ಭಾಗೀರಥಿಗೆ ಭಿಲಂಗನಾ ನದಿ ಬಂದು ಸೇರುವ ಒಂದು ಸಣ್ಣ ಹಳ್ಳಿಯನ್ನು ಆರಿಸಿ, 1815ರ ಡಿಸೆಂಬರ್ 28ರಂದು ಹೊಸ ಊರು ಕಟ್ಟಿದ. ಅದೇ ಟೆಹ್ರಿ.

ಈ ರಾಜರಿಗೆ ಒಂದು ಬಿರುದು ಇತ್ತು: ‘ಬೋಲಾಂದಾ ಬದರಿ’, ಮಾತಾಡುವ ಬದರಿನಾಥ. ಗುಡಿಯಲ್ಲಿರುವವನು ಮೌನಿ, ಸಿಂಹಾಸನದಲ್ಲಿರುವವನು ಮಾತಾಡುವವನು ಎಂಬ ನಂಬಿಕೆ. ಬದರಿ ಬ್ರಿಟಿಷರ ಪಾಲಾದರೂ ಗುಡಿಯ ಮೇಲಿನ ರಾಜಮನೆತನದ ಹಕ್ಕು ಉಳಿಯಿತು. ಇಂದಿಗೂ ಬದರಿನಾಥದ ಬಾಗಿಲು ತೆರೆಯುವ ದಿನವನ್ನು ವಸಂತ ಪಂಚಮಿಯಂದು ನರೇಂದ್ರನಗರದ ಅರಮನೆಯಲ್ಲೇ ನಿಶ್ಚಯಿಸುತ್ತಾರೆ. ದೇವರ ಅಭಿಷೇಕಕ್ಕೆ ಬೇಕಾದ ಎಳ್ಳೆಣ್ಣೆಯನ್ನು ರಾಜಮನೆತನದ ಹೆಂಗಸರು ಮತ್ತು ಊರಿನ ಮುತ್ತೈದೆಯರು ಸೇರಿ ಅರಮನೆಯಲ್ಲೇ ತೆಗೆಯುತ್ತಾರೆ.

ಈಗ ಹಣದ ಮಾತು. ಬೆಟ್ಟದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕೆತ್ತಿದ ಗದ್ದೆಗಳಿಂದ ಎಷ್ಟು ಕಂದಾಯ ಬಂದೀತು? ಸಂಸ್ಥಾನದ ನಿಜವಾದ ಆಸ್ತಿ ದೇವದಾರು ಮರ. ಅದನ್ನು ಮೊದಲು ಗುರುತಿಸಿದವನು ರಾಜನಲ್ಲ, ಫ್ರೆಡರಿಕ್ ವಿಲ್ಸನ್ ಎಂಬ ಇಂಗ್ಲಿಷಿನವನು. ಗಂಗೋತ್ರಿಯ ಕೆಳಗಿನ ಹರ್ಸಿಲ್‌ನಲ್ಲಿ ನೆಲೆಸಿ, ಸ್ಥಳೀಯ ಹೆಣ್ಣನ್ನು ಮದುವೆಯಾಗಿ, ರಾಜನಿಂದ ಕಾಡನ್ನು ಗುತ್ತಿಗೆ ಹಿಡಿದ. ಆ ಕಣಿವೆಯಲ್ಲಿ ರಸ್ತೆ ಇರಲಿಲ್ಲ, ಆದರೆ ಭಾಗೀರಥಿ ಇತ್ತು. ಮರ ಕಡಿದು ದಿಮ್ಮಿಗಳನ್ನು ಹೊಳೆಗೆ ಉರುಳಿಸುವುದು, ಬಂಡೆಗೆ ಸಿಕ್ಕಿಕೊಂಡವನ್ನು ಆಳುಗಳು ಬಿಡಿಸಿ ಮುಂದೆ ದೂಡುವುದು, ಹರಿದ್ವಾರದಲ್ಲಿ ಹಿಡಿದು ದಡಕ್ಕೆಳೆಯುವುದು. ದೇಶದಲ್ಲಿ ರೈಲು ಹಳಿ ಹಾಸುತ್ತಿದ್ದ ಕಾಲ, ಸ್ಲೀಪರ್‌ಗೆ ಎಲ್ಲಿಲ್ಲದ ಬೇಡಿಕೆ. ವಿಲ್ಸನ್ ಎಷ್ಟು ಬೆಳೆದನೆಂದರೆ ತನ್ನದೇ ಟೋಕನ್ ನಾಣ್ಯ ಚಲಾವಣೆಗೆ ತಂದ. ಹರ್ಸಿಲ್‌ಗೆ ಸೇಬು ತಂದವನೂ ಅವನೇ. ಜನ ಅವನನ್ನು ‘ಪಹಾಡಿ ವಿಲ್ಸನ್’ ಎಂದರು.

ವಿಲ್ಸನ್‌ನ ಲಾಭ ನೋಡಿ ಬ್ರಿಟಿಷ್ ಸರ್ಕಾರಕ್ಕೂ ಆಸೆ ಹುಟ್ಟಿತು. 1860ರ ದಶಕದಲ್ಲಿ ಕಾಡನ್ನು ತಾನೇ ಗುತ್ತಿಗೆ ಪಡೆಯಿತು. ಆಮೇಲೆ ಸಂಸ್ಥಾನವೂ ಸ್ವಂತ ಅರಣ್ಯ ಇಲಾಖೆ ಕಟ್ಟಿಕೊಂಡಿತು. ನನ್ನ ಪ್ರಕಾರ ಟೆಹ್ರಿಯ ಇತಿಹಾಸ ತಿರುಗಿದ್ದು ಇಲ್ಲೇ. ಅಲ್ಲಿಯವರೆಗೆ ಕಾಡು ಹಳ್ಳಿಯವರದ್ದಾಗಿತ್ತು: ಸೌದೆ, ಸೊಪ್ಪು, ಮೇವು, ಮನೆ ಕಟ್ಟಲು ಮರ. ಈಗ ಅದು ಅರಮನೆಯ ಖಜಾನೆಯಾಯಿತು. ಹಳ್ಳಿಯವರು ಅದೇ ಕಾಡಿನಲ್ಲಿ ಕಳ್ಳರಾದರು.

ಗಢವಾಲದಲ್ಲಿ ‘ಢಂಡಕ್’ ಎಂಬ ಹಳೆಯ ಪದ್ಧತಿ ಇತ್ತು. ಅಧಿಕಾರಿಗಳ ಕಾಟ ಮಿತಿಮೀರಿದರೆ ಊರಿಗೆ ಊರೇ ಕೆಲಸ ನಿಲ್ಲಿಸಿ, ಕಂದಾಯ ನಿಲ್ಲಿಸಿ, ರಾಜನ ಬಳಿ ದೂರು ಒಯ್ಯುವುದು. ರಾಜ ದೇವರು, ಕೆಟ್ಟವರು ಅವನ ಸುತ್ತಲಿನವರು ಎಂಬ ನಂಬಿಕೆಯ ಮೇಲೆ ನಿಂತ ಪ್ರತಿಭಟನೆ ಅದು. ರಾಜ ಬಂದು ಎರಡು ಮಾತಾಡಿದರೆ ಮುಗಿಯುತ್ತಿತ್ತು. ಇತಿಹಾಸಕಾರ ರಾಮಚಂದ್ರ ಗುಹಾ ಈ ಢಂಡಕ್‌ಗಳ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ.

1930ರಲ್ಲಿ ರಾಜ ಬರಲಿಲ್ಲ. ನರೇಂದ್ರ ಶಾಹ ಆಗ ಯುರೋಪಿನಲ್ಲಿದ್ದ. ಯಮುನಾ ಕಣಿವೆಯ ರವಾಂಯಿ ಸೀಮೆಯಲ್ಲಿ ಹೊಸ ಅರಣ್ಯ ಸರಹದ್ದು ಹಾಕಿದ್ದರು, ಅದು ಮನೆಯ ಹಿತ್ತಲವರೆಗೆ ಬಂದಿತ್ತು. ದನಗಳನ್ನು ಎಲ್ಲಿ ಮೇಯಿಸುವುದು ಎಂದು ಕೇಳಿದರೆ, ಪ್ರಪಾತಕ್ಕೆ ತಳ್ಳಿ ಎಂದು ಅಧಿಕಾರಿ ಉತ್ತರಿಸಿದನಂತೆ. ಜನ ‘ಆಜಾದ್ ಪಂಚಾಯತ್’ ಕಟ್ಟಿದರು. ಮೇ 30ರಂದು ಯಮುನೆಯ ದಡದ ತಿಲಾಡಿ ಬಯಲಿನಲ್ಲಿ ಸಭೆ ಸೇರಿದ್ದಾಗ ದಿವಾನ ಚಕ್ರಧರ ಜುಯಾಲ್ ಸೈನ್ಯ ತಂದು ಗುಂಡು ಹಾರಿಸಿದ. ಒಂದು ಕಡೆ ಬಂದೂಕು, ಇನ್ನೊಂದು ಕಡೆ ಸೆಳೆತದ ಹೊಳೆ. ಹಲವರು ನೀರಿಗೆ ಹಾರಿದರು. ಸತ್ತವರೆಷ್ಟು ಎಂಬ ಬಗ್ಗೆ ಸರ್ಕಾರದ ಲೆಕ್ಕ ಬೆರಳೆಣಿಕೆಯದು, ಜನರ ಲೆಕ್ಕ ಅದಕ್ಕಿಂತ ಎಷ್ಟೋ ದೊಡ್ಡದು. ಮಾತಾಡುವ ಬದರಿಯ ಮೇಲಿನ ನಂಬಿಕೆಗೆ ಅಂದೇ ಬಿರುಕು ಬಿತ್ತು.

1939ರಲ್ಲಿ ಪ್ರಜೆಗಳ ಹಕ್ಕಿಗಾಗಿ ಪ್ರಜಾಮಂಡಲ ಎಂಬ ಸಂಘಟನೆ ಹುಟ್ಟಿತು. ಅದರ ಮುಂದಾಳು ಶ್ರೀದೇವ ಸುಮನ್, ಇನ್ನೂ ಮೂವತ್ತು ದಾಟದ ಗಾಂಧಿವಾದಿ. ರಾಜನನ್ನು ಇಳಿಸಿ ಎಂದು ಅವರು ಕೇಳಿರಲಿಲ್ಲ, ರಾಜನ ನೆರಳಿನಲ್ಲೇ ಜವಾಬ್ದಾರಿ ಸರ್ಕಾರ ಕೊಡಿ ಎಂದದ್ದು. ಅವರನ್ನು ಟೆಹ್ರಿ ಜೈಲಿಗೆ ಹಾಕಿ ಕಾಲಿಗೆ ಭಾರದ ಬೇಡಿ ತೊಡಿಸಿದರು. 1944ರ ಮೇ 3ರಂದು ಉಪವಾಸ ಕುಳಿತರು. 84 ದಿನಗಳ ನಂತರ, ಜುಲೈ 25ರಂದು ತೀರಿಕೊಂಡರು. ಹೆಣವನ್ನು ಮನೆಯವರಿಗೂ ಕೊಡದೆ ರಾತ್ರೋರಾತ್ರಿ ಭಿಲಂಗನಾ ನದಿಗೆ ಎಸೆದರು.

ದೇಶ ಸ್ವತಂತ್ರವಾದ ಮೇಲೂ ಟೆಹ್ರಿಯಲ್ಲಿ ದರ್ಬಾರು ನಡೆದೇ ಇತ್ತು. 1948ರ ಜನವರಿಯಲ್ಲಿ ಕೀರ್ತಿನಗರದಲ್ಲಿ ನಾಗೇಂದ್ರ ಸಕಲಾನಿ, ಮೋಲು ಭರದಾರಿ ಎಂಬ ಇಬ್ಬರು ಹೋರಾಟಗಾರರು ಗುಂಡಿಗೆ ಬಲಿಯಾದರು. ಜನ ಆ ಎರಡು ಹೆಣಗಳನ್ನು ಹೆಗಲ ಮೇಲೆ ಹೊತ್ತು ಟೆಹ್ರಿಗೆ ನಡೆದರು. ದಾರಿಯುದ್ದಕ್ಕೂ ಹಳ್ಳಿಗಳು ಮೆರವಣಿಗೆಗೆ ಸೇರುತ್ತಾ ಹೋದವು. ಟೆಹ್ರಿ ಮುಟ್ಟುವ ಹೊತ್ತಿಗೆ ರಾಜನ ಸೈನ್ಯಕ್ಕೆ ಎದುರು ನಿಲ್ಲುವ ಮನಸ್ಸೂ ಉಳಿದಿರಲಿಲ್ಲ. 1949ರ ಆಗಸ್ಟ್ 1ರಂದು ಸಂಸ್ಥಾನ ಸಂಯುಕ್ತ ಪ್ರಾಂತ್ಯಕ್ಕೆ, ಅಂದರೆ ಮುಂದೆ ಉತ್ತರ ಪ್ರದೇಶವಾದ ಪ್ರಾಂತ್ಯಕ್ಕೆ ಸೇರಿತು. 1960ರಲ್ಲಿ ಅದರ ಉತ್ತರ ಭಾಗ ಉತ್ತರಕಾಶಿ ಜಿಲ್ಲೆಯಾಯಿತು.

ಇಲ್ಲಿಗೆ ರಾಜರ ಕಥೆ ಮುಗಿಯಿತು ಎಂದುಕೊಂಡರೆ ಅದು ತಪ್ಪು. ಕೊನೆಯ ರಾಜ ಮಾನವೇಂದ್ರ ಶಾಹ ಲೋಕಸಭೆಗೆ ಎಂಟು ಸಲ ಗೆದ್ದರು, ಮೊದಲು ಕಾಂಗ್ರೆಸ್ಸಿನಿಂದ, ಆಮೇಲೆ ಬಿಜೆಪಿಯಿಂದ. ಹೆಣ ಹೊತ್ತು ನಡೆದ ಪ್ರಜೆಗಳೇ ವೋಟು ಒತ್ತಿದರು. ಅವರ ಸೊಸೆ 2012ರಿಂದ ಅಲ್ಲಿಯ ಸಂಸದೆ. ಪ್ರಜಾಪ್ರಭುತ್ವದ ಈ ತಮಾಷೆ ಟೆಹ್ರಿಯದೊಂದೇ ಅಲ್ಲ ಬಿಡಿ.

ಸುಮನ್ ಅವರ ಶಿಷ್ಯರಲ್ಲಿ ಟೆಹ್ರಿ ಬಳಿಯ ಮರೋಡಾ ಗ್ರಾಮದ ಒಬ್ಬ ಹುಡುಗನಿದ್ದ, ಹೆಸರು ಸುಂದರಲಾಲ್ ಬಹುಗುಣ. ಕಾಡಿನ ಮೇಲೆ ಹಳ್ಳಿಗೆ ಹಕ್ಕಿದೆ ಎಂಬ ಹಳೇ ಜಗಳ ಅವರ ಜೊತೆ ಚಿಪ್ಕೊ ಚಳವಳಿಗೆ ಬಂತು. ಅಲ್ಲಿಂದ ನಮ್ಮ ಮಲೆನಾಡಿಗೂ ಇಳಿಯಿತು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡರಲ್ಲ, ಆ ಅಪ್ಪಿಕೊ ಚಳವಳಿಗೆ ಬಹುಗುಣರೇ ಪ್ರೇರಣೆ.

ಆದರೆ ತಮ್ಮ ಊರನ್ನು ಉಳಿಸಿಕೊಳ್ಳಲು ಅವರಿಂದ ಆಗಲಿಲ್ಲ. 1815ರಲ್ಲಿ ರಾಜನಿಗೆ ಹಿಡಿಸಿದ ಎರಡು ನದಿಗಳ ಆ ಸಂಗಮವೇ ಎಂಜಿನಿಯರುಗಳಿಗೂ ಹಿಡಿಸಿತು. ಭಾಗೀರಥಿಗೆ 260.5 ಮೀಟರ್ ಎತ್ತರದ, ದೇಶದಲ್ಲೇ ಅತಿ ಎತ್ತರದ ಅಣೆಕಟ್ಟು ಎದ್ದಿತು. ಬಹುಗುಣ ನದಿಯ ದಡದ ಗುಡಿಸಲಿನಲ್ಲಿ ನೆಲೆಸಿ ಉಪವಾಸದ ಮೇಲೆ ಉಪವಾಸ ಮಾಡಿದರು, ಒಂದು 74 ದಿನಗಳದ್ದು. 2005ರ ಅಕ್ಟೋಬರ್‌ನಲ್ಲಿ ಕೊನೆಯ ಸುರಂಗದ ಬಾಗಿಲು ಹಾಕಿದರು. ಅರಮನೆ, ಬಜಾರು, ರಾಜ ಕೀರ್ತಿ ಶಾಹ 1897ರಲ್ಲಿ ಕಟ್ಟಿಸಿದ ಗಡಿಯಾರದ ಗೋಪುರ ಎಲ್ಲ ನೀರಿನ ಪಾಲು. ಮೇಲಿನ ಗುಡ್ಡದಲ್ಲಿ ಹೊಸ ಟೆಹ್ರಿ ಕಟ್ಟಿ, ಆ ಗೋಪುರದ ನಕಲನ್ನೂ ನಿಲ್ಲಿಸಿದ್ದಾರೆ. ಜಲಾಶಯದಿಂದ ದೆಹಲಿಗೆ ಕುಡಿಯುವ ನೀರು ಹೋಗುತ್ತದೆ, ಮೊದಲ ಹಂತದಲ್ಲೇ 1,000 ಮೆಗಾವಾಟ್ ವಿದ್ಯುತ್ತು. ಹಿಂದೆ ಮರ, ಈಗ ನೀರು. ಮಾರಾಟ ಮಾತ್ರ ಯಾವಾಗಲೂ ಬಯಲಿನವರಿಗೇ.

ಕೊನೆಗೆ ಒಂದು ಮಾತು. ಯಮುನೋತ್ರಿಗೆ ಹೋಗುವವರು ಸಾಮಾನ್ಯವಾಗಿ ಬಡಕೋಟ್‌ನಲ್ಲಿ ತಂಗುತ್ತಾರೆ. ತಿಲಾಡಿ ಅಲ್ಲಿಗೆ ಹತ್ತಿರದಲ್ಲೇ ಇದೆ, ಹುತಾತ್ಮರ ಸ್ಮಾರಕವೂ ಇದೆ. ಪ್ಯಾಕೇಜ್ ಟೂರಿನ ಪಟ್ಟಿಯಲ್ಲಿ ಅದು ಇರುವುದಿಲ್ಲ, ಡ್ರೈವರನ್ನು ನೀವೇ ಕೇಳಬೇಕು. ಕೇಳಿ, ಒಮ್ಮೆ ಹೋಗಿ ಬನ್ನಿ.