ಸೈಕಲ್ಲಿನ ಮೇಲೊಂದು ಸಾಕ್ಷಿಕಣ್ಣು

(ಸಂಘದ ಮಹಿಳಾ ವೇದಿಕೆಯ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹೋದ ತಿಂಗಳ ಸಭೆಯಲ್ಲಿ ಮಾತು ಹೇಗೋ ಸೈಕಲ್ಲಿನ ಕಡೆ ತಿರುಗಿದಾಗ ನಾನು ಹೆಲ್ಮೆಟ್ಟಿಗೆ ಕ್ಯಾಮರಾ ಕಟ್ಟಿಕೊಂಡು ಓಡಾಡುವ ವಿಷಯ ಹೊರಬಂತು. "ಅದೇನು ಯೂಟ್ಯೂಬಿಗಾ?" ಎಂದು ಯಾರೋ ನಕ್ಕರು. ಯೂಟ್ಯೂಬಿಗೆ ಅಲ್ಲ, ಪೊಲೀಸರಿಗೆ ಎಂದೆ. ಹಾಗಾದರೆ ಮುಂದಿನ ಸಲ ನೀವೇ ಮಾತಾಡಿ ಎಂದು ಕಾರ್ಯದರ್ಶಿಯವರು ಅಲ್ಲೇ ಹೆಸರು ಬರೆದುಕೊಂಡರು. ಹಾಗಾಗಿ ಈ ಅರ್ಧ ಗಂಟೆ.

ನಮ್ಮ ಪಾಲಾರಿವಟ್ಟಂನ ರಸ್ತೆಗಳ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. 2016ರಲ್ಲಿ ತೆರೆದ ಫ್ಲೈಓವರ್ ಮೂರು ವರ್ಷ ತುಂಬುವ ಮೊದಲೇ ಮುಚ್ಚಿ, ಮತ್ತೆ ಕಟ್ಟಿ, 2021ರ ಮಾರ್ಚಿನಲ್ಲಿ ಬಿಟ್ಟುಕೊಟ್ಟ ಊರು ಇದು. ಈಗ ಸಿವಿಲ್ ಲೈನ್ ರಸ್ತೆಯಲ್ಲಿ ಕಾಕ್ಕನಾಡಿನ ಕಡೆ ಮೆಟ್ರೋ ಕೆಲಸ. ರಸ್ತೆಯ ನಡುಭಾಗಕ್ಕೆ ತಗಡಿನ ಗೋಡೆ ನಿಂತರೆ ಬಸ್ಸು, ಕಾರು, ಸ್ಕೂಟರು ಎಲ್ಲವೂ ಅಂಚಿಗೆ ಬರುತ್ತವೆ. ಆ ಅಂಚಿನಲ್ಲೇ ಸೈಕಲ್ ಇರುತ್ತದೆ. ಇನ್ನೊಂದು ಕಡೆ ಇದೇ ಮೆಟ್ರೋದವರು 2020ರ ನವೆಂಬರಿನಲ್ಲಿ ರೈಲಿನೊಳಗೆ ಸೈಕಲ್ ತರಲು ಬಿಟ್ಟರು, ಅದೂ ಪುಕ್ಕಟೆ. ಮೊದಲು ಆರಂಭಿಸಿದ ಆರು ನಿಲ್ದಾಣಗಳಲ್ಲಿ ನಮ್ಮ ಪಾಲಾರಿವಟ್ಟಂ ಕೂಡ ಒಂದು. ರೈಲಿನಲ್ಲಿ ಸೈಕಲ್ಲಿಗೆ ಜಾಗ ಇದೆ, ನಿಲ್ದಾಣದಿಂದ ಮನೆಗೆ ಹೋಗುವ ರಸ್ತೆಯಲ್ಲಿ ಇಲ್ಲ.

ಕೇರಳದಲ್ಲಿ ಕ್ಯಾಮರಾಗಳಿಗೇನು ಬರ ಎಂದು ನೀವು ಕೇಳಬಹುದು. 2023ರ ಜೂನ್ 5ರಿಂದ ದಂಡ ಹಾಕಲು ಶುರು ಮಾಡಿದ ಎಐ ಕ್ಯಾಮರಾಗಳು ಒಟ್ಟು 726. ಅವುಗಳಲ್ಲಿ 675 ಹೆಲ್ಮೆಟ್, ಸೀಟ್‌ಬೆಲ್ಟ್, ಮೊಬೈಲ್, ಸ್ಕೂಟರಿನಲ್ಲಿ ಮೂರು ಜನ, ಇಂಥವನ್ನು ಹಿಡಿಯುವಂಥವು. ಕೆಂಪು ದೀಪ ದಾಟುವುದನ್ನು ನೋಡಲು 18. ಒಳ್ಳೆಯದೇ. ಆದರೆ ಬಸ್ಸೊಂದು ಸೈಕಲ್ಲಿನವಳ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ ಹೋಗಿ, ಅವಳ ಮುಂದೆಯೇ ಎಡಕ್ಕೆ ತಿರುಗಿ ಸ್ಟಾಪಿನಲ್ಲಿ ನಿಂತರೆ ಅದು ಕಂಬದ ಕ್ಯಾಮರಾಕ್ಕೆ ತಪ್ಪೇ ಅಲ್ಲ. ಚಾಲಕ ಬೆಲ್ಟ್ ಹಾಕಿರುತ್ತಾನೆ, ಫೋನ್ ಹಿಡಿದಿರುವುದಿಲ್ಲ. ಹಾಗೆ ಕತ್ತರಿಸಿದ್ದನ್ನು ಕಂಡದ್ದು ಸೈಕಲ್ಲಿನ ಮೇಲೆ ಕೂತವಳು ಮಾತ್ರ. ಅವಳ ಮಾತಿಗೆ ಎದುರಾಗಿ ಚಾಲಕನದೂ ಕಂಡಕ್ಟರನದೂ ಎರಡು ಮಾತು.

ಈ ಕೆಲಸವನ್ನು ಲೋಕಕ್ಕೆಲ್ಲ ಪರಿಚಯಿಸಿದವರು ಲಂಡನ್ನಿನ ಮೈಕ್ ವಾನ್ ಎರ್ಪ್. ‘ಸೈಕ್ಲಿಂಗ್ ಮೈಕಿ’ ಎಂದೇ ಹೆಸರು. ಜಿಂಬಾಬ್ವೆಯಲ್ಲಿ ಬೆಳೆದವರು. ಅವರಿಗೆ 19 ವರ್ಷವಿದ್ದಾಗ ಕುಡಿದು ವಾಹನ ಓಡಿಸಿದವನೊಬ್ಬ ಅವರ ತಂದೆಯನ್ನು ಬಲಿ ತೆಗೆದುಕೊಂಡ. 2019ರಲ್ಲಿ ಹೈಡ್ ಪಾರ್ಕಿನ ಬಳಿ ಸಿನಿಮಾ ನಿರ್ದೇಶಕ ಗೈ ರಿಚಿ ಕಾರು ಓಡಿಸುತ್ತ ಫೋನಿನಲ್ಲಿ ಸಂದೇಶ ಒತ್ತುತ್ತಿದ್ದುದನ್ನು ಇವರ ಕ್ಯಾಮರಾ ಹಿಡಿಯಿತು. ಮರುವರ್ಷ ಆರು ತಿಂಗಳು ಅವರ ಲೈಸೆನ್ಸು ಹೋಯಿತು. ಆದರೆ ಫುಟ್‌ಬಾಲ್ ಆಟಗಾರ ಫ್ರಾಂಕ್ ಲ್ಯಾಂಪಾರ್ಡ್ ಮೇಲಿನ ಪ್ರಕರಣ 2022ರ ಜನವರಿಯಲ್ಲಿ ಸಾಕ್ಷ್ಯ ಸಾಲದೆಂದು ಬಿದ್ದುಹೋಯಿತು. ನಮ್ಮಲ್ಲೇ ಗಾದೆ ಇದೆಯಲ್ಲ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು. ನ್ಯಾಯಾಲಯ ಕೇಳುವುದೂ ಅಷ್ಟನ್ನೇ. ಅಲ್ಲಿನ ಉತ್ತರ ವೇಲ್ಸ್ ಪೊಲೀಸರು 2016ರಲ್ಲಿ ಸಾರ್ವಜನಿಕರ ವಿಡಿಯೋಗಳಿಗಾಗಿಯೇ ‘ಆಪರೇಷನ್ ಸ್ನ್ಯಾಪ್’ ಎಂಬ ವ್ಯವಸ್ಥೆ ಮಾಡಿದರು. ಅಲ್ಲಿನ ಹೈವೇ ಕೋಡ್ 2022ರಿಂದ ಸೈಕಲ್ಲನ್ನು ದಾಟುವಾಗ ಕನಿಷ್ಠ ಒಂದೂವರೆ ಮೀಟರ್ ಬಿಡಿ ಎನ್ನುತ್ತದೆ. ಒಂದೂವರೆ ಮೀಟರ್ ಎಂದರೆ ನಮ್ಮ ತಮ್ಮನಂ ರಸ್ತೆಯಲ್ಲಿ ಕಾಲು ಭಾಗ ರಸ್ತೆಯೇ ಹೋಯಿತು ಎಂದು ನೀವು ನಗುತ್ತೀರಿ, ನಗಿ.

ನಮ್ಮ ದೇಶದಲ್ಲೂ ದಾರಿ ಇಲ್ಲವೆಂದಲ್ಲ. ಬೆಂಗಳೂರು ಸಂಚಾರ ಪೊಲೀಸರು ಜನಾಗ್ರಹದ ಜೊತೆ ಸೇರಿ 2015ರಲ್ಲೇ ‘ಪಬ್ಲಿಕ್ ಐ’ ಆಪ್ ತಂದಿದ್ದರು. ದೆಹಲಿಯಲ್ಲಿ 2024ರ ಸೆಪ್ಟೆಂಬರಿನಿಂದ ‘ಟ್ರಾಫಿಕ್ ಪ್ರಹರಿ’ ಆಪ್‌ನಲ್ಲಿ ದೂರು ಕೊಡುವವರಿಗೆ ತಿಂಗಳಿಗೆ 50,000 ರೂಪಾಯಿವರೆಗೆ ಬಹುಮಾನವನ್ನೇ ಇಟ್ಟರು. ಬಹುಮಾನದ ವಿಚಾರ ನನಗೆ ಹಿಡಿಸಿಲ್ಲ. ನೆರೆಯವನ ಮೇಲೆ ದೂರು ಕೊಡುವುದು ದುಡಿಮೆ ಆಗಿಬಿಟ್ಟರೆ ನಂಬರ್ ಪ್ಲೇಟ್ ಹುಡುಕಿಕೊಂಡು ತಿರುಗುವವರು ಹುಟ್ಟಿಕೊಳ್ಳುತ್ತಾರೆ. ಕೇರಳದಲ್ಲಿ 2024ರಲ್ಲಿ ಮೋಟಾರು ವಾಹನ ಇಲಾಖೆಯವರು ನೆಕ್ಸ್ಟ್‌ಜೆನ್ ಎಂಪರಿವಾಹನ್ ಆಪ್‌ನಲ್ಲಿ ‘ಸಿಟಿಜನ್ ಸೆಂಟಿನೆಲ್’ ಎಂಬ ಸೌಲಭ್ಯ ಕೊಟ್ಟರು. ಪೊಲೀಸರ ‘ಶುಭಯಾತ್ರಾ’ ವಾಟ್ಸಾಪ್ ಸಂಖ್ಯೆಯೂ ಇದೆ. ಒಂದು ಎಚ್ಚರಿಕೆ ಮಾತ್ರ: ಈ ಆಪ್ ಅಥವಾ ಸಂಖ್ಯೆ ಬೇಕಿದ್ದರೆ ಪ್ಲೇ ಸ್ಟೋರ್‌ನಿಂದ, ಇಲಾಖೆಯ ಅಧಿಕೃತ ಪುಟದಿಂದ ಮಾತ್ರ ತೆಗೆದುಕೊಳ್ಳಿ. ಎಂಪರಿವಾಹನ್ ಹೆಸರಿನಲ್ಲಿ, "ನಿಮ್ಮ ವಾಹನಕ್ಕೆ ಚಲನ್ ಬಂದಿದೆ" ಎಂದು ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲು ಒತ್ತಿ ಬ್ಯಾಂಕಿನ ಹಣ ಕಳೆದುಕೊಂಡವರು ಈ ರಾಜ್ಯದಲ್ಲೇ ಎಷ್ಟೋ ಮಂದಿ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಚೆಂಬುಮುಕ್ಕಿನ ಹತ್ತಿರ ಬೆಳಿಗ್ಗೆ ಎಂಟೂವರೆಗೆ ಖಾಸಗಿ ಬಸ್ಸೊಂದು ನನ್ನನ್ನು ಉಜ್ಜಿಕೊಂಡೇ ದಾಟಿ ಎಡಕ್ಕೆ ಎಳೆಯಿತು. ನಾನು ಚರಂಡಿಯ ಚಪ್ಪಡಿಯ ಮೇಲೆ ಕಾಲು ಊರಿ ನಿಂತೆ. ಬೀಳಲಿಲ್ಲ. ಬಿದ್ದಿದ್ದರೆ ಹಿಂದಿನ ಚಕ್ರ ಎಲ್ಲಿತ್ತು ಎನ್ನುವುದನ್ನು ಮನೆಗೆ ಬಂದು ವಿಡಿಯೋದಲ್ಲಿ ನೋಡಿದೆ, ಆಮೇಲೆ ಆ ದಿನ ಊಟ ಸೇರಲಿಲ್ಲ. ಮನೆಯವರು, "ನಿನಗ್ಯಾಕೆ ಊರ ಉಸಾಬರಿ, ನಾಳೆಯಿಂದ ಆಟೋದಲ್ಲಿ ಹೋಗು" ಎಂದರು. ನಾನು ದೂರು ಕೊಟ್ಟೆ. ಕೆಲವು ದಿನದ ಮೇಲೆ ಅಧಿಕಾರಿಯೊಬ್ಬರು ಫೋನ್ ಮಾಡಿ ಮರ್ಯಾದೆಯಿಂದಲೇ, "ಚೇಚಿ, ಬಸ್ಸು ಇಷ್ಟು ದೂರ ಇದೆಯಲ್ಲ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಈ ಪುಟ್ಟ ಕ್ಯಾಮರಾಗಳ ಲೆನ್ಸು ಅಗಲ ನೋಟದ್ದು. ಇಡೀ ರಸ್ತೆ ಕಾಣಬೇಕು ಎಂದು ಹಾಗೆ ಮಾಡಿರುತ್ತಾರೆ. ಅದರಲ್ಲಿ ಎಲ್ಲವೂ ಚಿಕ್ಕದಾಗಿ, ಇರುವುದಕ್ಕಿಂತ ದೂರವಾಗಿ ಕಾಣುತ್ತದೆ. ಒಂದಡಿ ದೂರದ ಬಸ್ಸು ನಾಲ್ಕಡಿ ದೂರ ಇದ್ದಂತೆ ತೋರುತ್ತದೆ. ಅಂದಿನಿಂದ ಕ್ಯಾಮರಾವನ್ನು ನನ್ನ ಹ್ಯಾಂಡಲ್ ಚಿತ್ರದಲ್ಲಿ ಕಾಣುವ ಹಾಗೆ ಇಟ್ಟುಕೊಂಡಿದ್ದೇನೆ. ಹ್ಯಾಂಡಲಿನ ಅಗಲ ಅಳತೆಪಟ್ಟಿಯಲ್ಲಿ ಅಳೆಯಬಹುದು, ಅದರ ಪಕ್ಕದಲ್ಲಿ ಬಸ್ಸು ಎಷ್ಟಿತ್ತು ಎಂದು ಯಾರಿಗಾದರೂ ತೋರಿಸಬಹುದು. ಆಮೇಲೆ ಕೊಟ್ಟ ಇನ್ನೊಂದು ದೂರಿಗೆ ಆ ಪ್ರಶ್ನೆ ಬರಲಿಲ್ಲ.

ಇಂಥ ಸಣ್ಣಪುಟ್ಟ ವಿಷಯಗಳೇ ಹೆಚ್ಚು ಉಪಯೋಗಕ್ಕೆ ಬರುವುದು. ನಂಬರ್ ಪ್ಲೇಟ್ ಕಂಡ ಕೂಡಲೇ ಬಾಯಿಬಿಟ್ಟು ಓದಿ. ಕೊಚ್ಚಿಯ ಮಳೆಯಲ್ಲಿ ಲೆನ್ಸಿನ ಮೇಲೆ ಒಂದು ಹನಿ ಕೂತರೆ ಅಂಕಿ ಅಳಿಸಿಹೋಗುತ್ತದೆ, ಧ್ವನಿ ಉಳಿಯುತ್ತದೆ. "ಕೆಎಲ್ ಸೊನ್ನೆ ಏಳು" ಎಂದು ನಾನು ಕನ್ನಡದಲ್ಲೇ ಕೂಗುತ್ತೇನೆ, ಅವಸರದಲ್ಲಿ ಎಣಿಕೆ ಬರುವುದು ಹುಟ್ಟಿದ ಭಾಷೆಯಲ್ಲೇ ತಾನೆ! ಬಸ್ಸಿನ ಹಣೆಯ ಮೇಲಿನ ಹೆಸರು ಸಾಲದು, ಒಂದೇ ಹೆಸರಿನ ಬಸ್ಸುಗಳು ಹಲವು ಓಡುತ್ತವೆ. ಕ್ಯಾಮರಾದ ಗಡಿಯಾರ ಸರಿಯಾಗಿದೆಯೇ ಎಂದು ವಾರಕ್ಕೊಮ್ಮೆ ನೋಡಿ. ಕಾರ್ಡು ತುಂಬಿದ ಮೇಲೆ ಹಳೆಯದರ ಮೇಲೇ ಹೊಸದು ದಾಖಲಾಗುತ್ತ ಹೋಗುತ್ತದೆ, ಆದ್ದರಿಂದ ಅಂದಿನದನ್ನು ಅಂದೇ ತೆಗೆದಿಡಿ. ಹಾಡು ಸೇರಿಸಬೇಡಿ, ಬಾಣದ ಗುರುತು ಹಾಕಬೇಡಿ. ತುಣುಕು ಕಳಿಸಿದರೂ ಮೂಲ ಫೈಲು ಮುಟ್ಟದೆ ಇರಲಿ.

ಮೂಲ ಫೈಲು ಯಾಕೆ ಎನ್ನುವುದಕ್ಕೆ ಕಾನೂನಿನ ಕಾರಣ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ದಾಖಲೆಯ ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡುವಾಗ ಪ್ರಮಾಣಪತ್ರ ಬೇಕು. ಯಾವ ಸಾಧನದಲ್ಲಿ ತೆಗೆದದ್ದು, ಯಾರದು ಎಂಬುದರ ಜೊತೆಗೆ ಅದರಲ್ಲಿ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು ಎಂದುಕೊಳ್ಳಿ. ಒಂದು ಚುಕ್ಕೆ ಬದಲಾದರೂ ಬೆರಳಚ್ಚು ಬೇರೆಯಾಗುತ್ತದೆ. ಹೆಚ್ಚಿನ ದೂರುಗಳು ದಂಡದಲ್ಲೇ ಮುಗಿಯುತ್ತವೆ, ಅಲ್ಲಿಯವರೆಗೆ ಹೋಗುವುದಿಲ್ಲ. ಆದರೆ ಮೋಟಾರು ವಾಹನ ಕಾಯಿದೆಯ 184ನೇ ಸೆಕ್ಷನ್, ಅಪಾಯಕಾರಿ ಚಾಲನೆಯದು, ಸಣ್ಣದಲ್ಲ. ಮೊದಲ ಸಲಕ್ಕೇ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷದ ಸೆರೆ, ಅಥವಾ ಎರಡೂ.

ಸಾಕ್ಷ್ಯ ಇಲ್ಲದಿದ್ದರೆ ಏನಾಗುತ್ತದೆ? 2019ರ ಆಗಸ್ಟ್ 3ರ ಮಧ್ಯರಾತ್ರಿ ತಿರುವನಂತಪುರದ ಮ್ಯೂಸಿಯಂ ಬಳಿ ‘ಸಿರಾಜ್’ ಪತ್ರಿಕೆಯ ಕೆ.ಎಂ. ಬಷೀರ್ ಬೈಕಿನಲ್ಲಿದ್ದಾಗ ಕಾರು ಬಡಿದು ತೀರಿಹೋದರು. ರಾಜಧಾನಿಯ ನಡುಮಧ್ಯ. ಆದರೂ ಮೊದಲು ಎದ್ದ ಪ್ರಶ್ನೆ, ಕಾರನ್ನು ಓಡಿಸುತ್ತಿದ್ದವರು ಯಾರು ಎಂಬುದೇ. ರಕ್ತ ಪರೀಕ್ಷೆಗೆ ಮಾದರಿ ತೆಗೆಯುವಷ್ಟರಲ್ಲಿ ಗಂಟೆಗಳೇ ಕಳೆದಿದ್ದವು. 2022ರಲ್ಲಿ ಈ ಒಂದೇ ರಾಜ್ಯದ ರಸ್ತೆಗಳಲ್ಲಿ ಸತ್ತವರು 4,317, ದೇಶದಲ್ಲಿ 1,68,491. ಅವರಲ್ಲಿ ಎಷ್ಟು ಮಂದಿಯ ಪಕ್ಕದಲ್ಲಿ ನಡೆದದ್ದನ್ನು ಕಂಡವರು ಇದ್ದರೋ!

ಈಗ ನಮ್ಮ ವೇದಿಕೆಗೇ ಸೇರಿದ ಮಾತು. ಹೆಂಗಸು ಸೈಕಲ್ ಹೊಡೆದರೆ ಅಪಾಯ ಬಸ್ಸಿನಿಂದ ಮಾತ್ರ ಬರುವುದಿಲ್ಲ. ಬೈಕಿನಲ್ಲಿ ಬಂದು ಬೆನ್ನಿಗೆ ಹೊಡೆದು ಹೋಗುವವರು, ನಿಧಾನ ಮಾಡಿ ಪಕ್ಕದಲ್ಲೇ ಬರುತ್ತ ಮಾತಾಡುವವರು. ನಮ್ಮಲ್ಲಿ ಹಲವರು ಇದನ್ನು ಮನೆಯಲ್ಲಿ ಹೇಳುವುದೇ ಇಲ್ಲ, ಹೇಳಿದರೆ ಸೈಕಲ್ ನಿಂತುಹೋಗುತ್ತದೆ ಎಂಬ ಭಯ. ಹಿಂದಕ್ಕೆ ಮುಖ ಮಾಡಿದ ಕ್ಯಾಮರಾ, ಸೀಟಿನ ಕೆಳಗೆ ಕೆಂಪು ದೀಪದ ಜೊತೆಯಲ್ಲೇ ಬರುವಂಥದ್ದು, ಇದಕ್ಕೆ ಹೆಚ್ಚು ಉಪಯೋಗ. ಬರುವವನ ಮುಖವೂ ಮುಂದಿನ ನಂಬರೂ ಅದರಲ್ಲಿ ಸಿಗುತ್ತದೆ.

ಆದರೆ ಕ್ಯಾಮರಾಕ್ಕೆ ಇನ್ನೊಂದು ಮುಖ ಇದೆ. 2023ರಲ್ಲಿ ತಿರುವನಂತಪುರದಲ್ಲಿ ನಡೆದದ್ದು ಕೆಲವರಿಗೆ ನೆನಪಿರಬಹುದು. ಸ್ಕೂಟರು ಹೆಂಡತಿಯ ಹೆಸರಿನಲ್ಲಿ. ಗಂಡ ಹೆಲ್ಮೆಟ್ ಇಲ್ಲದೆ ಬೇರೊಬ್ಬ ಮಹಿಳೆಯನ್ನು ಕೂರಿಸಿಕೊಂಡು ಹೋದಾಗಿನ ಫೋಟೋ ದಂಡದ ಸೂಚನೆಯ ಜೊತೆ ಹೆಂಡತಿಯ ಫೋನಿಗೆ ಬಂತು. ವಾಟ್ಸಾಪಿನಲ್ಲಿ ಎಲ್ಲರೂ ನಕ್ಕರು. ಆದರೆ ಆ ಮನೆಯಲ್ಲಿ ಜಗಳವಾಗಿ, ತನ್ನ ಮೇಲೂ ಮಗುವಿನ ಮೇಲೂ ಕೈಮಾಡಿದನೆಂದು ಆಕೆ ಠಾಣೆಗೆ ಹೋಗಬೇಕಾಯಿತು, ಆತನ ಬಂಧನವಾಯಿತು. ಹೆಲ್ಮೆಟ್ಟಿಗಾಗಿ ತೆಗೆದ ಚಿತ್ರ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ. ಅದಕ್ಕೇ ನಾನು ವಿಡಿಯೋಗಳನ್ನು ಫೇಸ್‌ಬುಕ್ಕಿಗೆ ಹಾಕುವುದಿಲ್ಲ, ನಮ್ಮ ಸಂಘದ ಗ್ರೂಪಿಗೂ ಇಲ್ಲ. ಅದರಲ್ಲಿ ದಾರಿಹೋಕರ ಮುಖ ಇರುತ್ತದೆ, ಶಾಲೆಯ ಮಕ್ಕಳು ಇರುತ್ತಾರೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮವರೇ ಆದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಅದು ಬಸ್ ಚಾಲಕನಿಗೂ ಸೇರಿದ ಹಕ್ಕು. ತಪ್ಪು ಮಾಡಿದ್ದರೆ ದಂಡ ಕಟ್ಟಲಿ. ಸಾವಿರಾರು ಜನರಿಂದ ಬೈಸಿಕೊಳ್ಳುವುದು ಆ ದಂಡದಲ್ಲಿ ಸೇರಿಲ್ಲ.

ಮೊನ್ನೆ ಇದನ್ನೆಲ್ಲ ಹೇಳಿದಾಗ ನಮ್ಮ ಹಿರಿಯ ಸದಸ್ಯೆಯೊಬ್ಬರು ಕೇಳಿದರು, "ಅಲ್ಲಮ್ಮಾ, ಆ ಡ್ರೈವರ್ ಬಡವ. ನಿನ್ನ ವಿಡಿಯೋದಿಂದ ಅವನ ಕೆಲಸ ಹೋದರೆ?" ಇದು ಸುಲಭದ ಪ್ರಶ್ನೆಯಲ್ಲ. ಖಾಸಗಿ ಬಸ್ಸಿನವರಿಗೆ ನಿಮಿಷದ ಲೆಕ್ಕದ ಸಮಯಪಟ್ಟಿ. ಹಿಂದಿನ ಬಸ್ಸು ಮುಂದೆ ಹೋದರೆ ಸ್ಟಾಪಿನ ಜನ ಅದಕ್ಕೆ ಹತ್ತುತ್ತಾರೆ, ಕಲೆಕ್ಷನ್ ಇಳಿದರೆ ಬತ್ತವೂ ಇಳಿಯುತ್ತದೆ. ಅವನು ನನ್ನನ್ನು ತಳ್ಳುವುದು ಬಹುಪಾಲು ನನ್ನ ಮೇಲಿನ ಕೋಪದಿಂದ ಅಲ್ಲ. 2022ರ ಜೂನಿನಲ್ಲಿ ಕೇರಳ ಹೈಕೋರ್ಟು ಕೊಚ್ಚಿಯ ಖಾಸಗಿ ಬಸ್ಸುಗಳು ಎಡಬದಿಯಲ್ಲೇ ಹೋಗಬೇಕು, ಓವರ್‌ಟೇಕ್ ಮಾಡಬಾರದು, ಹಾರ್ನ್ ಬಾರಿಸಬಾರದು ಎಂದು ಆದೇಶಿಸಿತ್ತು. ಸಮಯಪಟ್ಟಿ ಹಾಗೇ ಇರುವಾಗ ಆ ಆದೇಶ ಎಷ್ಟು ದಿನ ನಿಲ್ಲುತ್ತದೆ? ನಾನು ದೂರಿನ ಜೊತೆ ಬಸ್ಸಿನ ಮಾರ್ಗ, ಹೊತ್ತು, ಸ್ಟಾಪು ಮೂರನ್ನೂ ತಪ್ಪದೆ ಬರೆಯುವುದು ಇದಕ್ಕೇ. ಒಂದೇ ಮಾರ್ಗದಲ್ಲಿ, ಒಂದೇ ಹೊತ್ತಿನಲ್ಲಿ ಮತ್ತೆ ಮತ್ತೆ ದೂರು ಬಂದರೆ ಅದು ಒಬ್ಬ ಚಾಲಕನ ಸ್ವಭಾವವಲ್ಲ, ಸಮಯಪಟ್ಟಿಯ ದೋಷ ಎಂದು ಕಾಣುವವರಿಗೆ ಕಾಣುತ್ತದೆ. ಇನ್ನು ಕಾಯಿದೆಯ 133ನೇ ಸೆಕ್ಷನ್ ಪ್ರಕಾರ ಆ ಹೊತ್ತಿಗೆ ವಾಹನ ಓಡಿಸಿದ್ದು ಯಾರು ಎಂದು ಹೇಳಬೇಕಾದವನು ಮಾಲೀಕ. ಪ್ರಶ್ನೆ ಮೊದಲು ಹೋಗುವುದು ಅವನ ಮನೆ ಬಾಗಿಲಿಗೆ. ಹೋಗಲಿ. ಬೆಳಗಿನ ಎಂಟೂವರೆಯ ಚೆಂಬುಮುಕ್ಕು ಹೇಗಿರುತ್ತದೆ ಎಂದು ಅವನೂ ಒಮ್ಮೆ ಆ ವಿಡಿಯೋದಲ್ಲಿ ಕೂತು ನೋಡಲಿ ಎಂದು ನಾನು ಆ ಹಿರಿಯರಿಗೆ ಹೇಳಿದೆ. ಅವರು ತಲೆಯಾಡಿಸಿದರು, ಪೂರ್ತಿ ಒಪ್ಪಲಿಲ್ಲ.

ಕ್ಯಾಮರಾ ಎರಡೂ ಈ ಮೇಜಿನ ಮೇಲಿವೆ. ಹೇಗೆ ಕಟ್ಟುವುದು, ಫೈಲು ಹೇಗೆ ತೆಗೆಯುವುದು ಎಂದು ನೋಡಬೇಕಾದವರು ಕಾಫಿ ಹಿಡಿದುಕೊಂಡೇ ಮುಂದೆ ಬನ್ನಿ.