ಉಣುಗಿನಿಂದ ರಕ್ಷಣೆ: ದರಕು ಒಟ್ಟುವ ಕಾಲಕ್ಕೆ ಮೊದಲೇ ಆಗಬೇಕಾದ ಕೆಲಸ

(ಗ್ರಾಮ ಪಂಚಾಯತಿ ಚುನಾಯಿತ ಪ್ರತಿನಿಧಿಗಳ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ. ಸದಸ್ಯರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ನಾವು ಮಂಗನ ಕಾಯಿಲೆ ಎಂದು ಕರೆಯುವ ರೋಗಕ್ಕೆ ಜಗತ್ತಿನ ವೈದ್ಯಗ್ರಂಥಗಳಲ್ಲಿ ಇರುವ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ. ಆ ಕಾಡು ಇರುವುದು ನಮ್ಮದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ. 1957ರಲ್ಲಿ ಅಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು; ಅದರ ಬೆನ್ನಿಗೇ ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೇನೋ ಎಂಬ ಭಯ ಮೊದಲಿಗೆ ಇತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿದಾಗ, ಅದು ಅದುವರೆಗೆ ಯಾರೂ ಕಾಣದಿದ್ದ ಹೊಸ ವೈರಸ್ ಎಂಬುದೂ, ಅದನ್ನು ಹರಡುವುದು ಉಣುಗು ಎಂಬುದೂ ತಿಳಿಯಿತು. ಸರ್ಕಾರಿ ಕಾಗದಪತ್ರಗಳಲ್ಲಿ 'ಉಣ್ಣೆ' ಎಂದು ಬರೆಯಲಾಗುವ ಈ ಕೀಟವನ್ನು ನಮ್ಮೂರಿನ ಮಾತಿನಲ್ಲಿ ಉಣುಗು ಎಂದೇ ಕರೆಯೋಣ.

ಹೆಸರಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಮಂಗನ ಕಾಯಿಲೆ ಎಂಬ ಹೆಸರು ಮಂಗನಿಗೆ ಅನ್ಯಾಯ ಮಾಡಿದೆ. ಮಂಗವೂ ಮುಸಿಯವೂ ನಮ್ಮ ಹಾಗೆಯೇ ಈ ರೋಗಕ್ಕೆ ಬಲಿಯಾಗುವ ಪ್ರಾಣಿಗಳು. ಅವುಗಳನ್ನು ಓಡಿಸಿದರೆ ಅಥವಾ ಕೊಂದರೆ ರೋಗ ದೂರವಾಗುವುದಿಲ್ಲ. ಸೋಂಕಿತ ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ಆ ಸ್ಥಳದಲ್ಲೇ ಹರಡಿಕೊಳ್ಳುತ್ತವೆ. ಅಪಾಯ ಇರುವುದು ಅಲ್ಲಿ. ಗಂಟಲಿನ ಪಕ್ಕ ಊದಿಕೊಳ್ಳುವ ಮಂಗನ ಬಾವು ಬೇರೆಯೇ ರೋಗ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಮಂಗನ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಆದ್ದರಿಂದ ರೋಗಿಯ ಮನೆಯವರನ್ನು ದೂರವಿಡುವ ಪದ್ಧತಿ ಎಲ್ಲಿಯಾದರೂ ಕಂಡುಬಂದರೆ ಅದನ್ನು ತಡೆಯುವುದು ಸದಸ್ಯರ ಹೊಣೆ.

ಈಗ ಉಣುಗಿನ ಬದುಕನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ನಮ್ಮ ರಕ್ಷಣೆಯ ಗುಟ್ಟು ಅಲ್ಲಿದೆ. ಮೊಟ್ಟೆಯಿಂದ ಆರು ಕಾಲಿನ ಮರಿ, ಮರಿಯಿಂದ ಎಂಟು ಕಾಲಿನ ಎಳೆಯ ಉಣುಗು, ಅದರಿಂದ ಬಲಿತ ಉಣುಗು, ಹೀಗೆ ಅದು ಬೆಳೆಯುತ್ತದೆ. ಪ್ರತಿ ಹಂತದಲ್ಲೂ ಒಂದು ಪ್ರಾಣಿಯ ರಕ್ತ ಬೇಕು. ಬಲಿತದ್ದು ಹೆಚ್ಚಾಗಿ ದನಕರುಗಳಂತಹ ದೊಡ್ಡ ಪ್ರಾಣಿಗಳನ್ನು ಹಿಡಿಯುತ್ತದೆ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಎಳೆಯ ಉಣುಗು. ಅದು ಕಾಡಿನಲ್ಲಿ ಹೆಚ್ಚುವ ಕಾಲ ಸುಮಾರು ನವೆಂಬರ್‌ನಿಂದ ಮೇ ತಿಂಗಳವರೆಗೆ. ಅದು ಹಾರುವುದಿಲ್ಲ, ಜಿಗಿಯುವುದೂ ಇಲ್ಲ. ಒಣಗಿದ ಎಲೆಯ ಮೇಲೋ ಹುಲ್ಲಿನ ತುದಿಯಲ್ಲೋ ಕಾದು ಕುಳಿತು, ಹಾದುಹೋಗುವವರ ಕಾಲಿಗೆ ಹತ್ತಿಕೊಳ್ಳುತ್ತದೆ.

ನಾವು ದರಕು ಒಟ್ಟುವುದು, ಕೊಟ್ಟಿಗೆಗೆ ಸೊಪ್ಪು ತರುವುದು, ಮಳೆಗಾಲದ ಸೌದೆ ಕೂಡಿಡುವುದು, ಅಡಿಕೆ ಕೊನೆ ಕೊಯ್ಯುವುದು ಬಹುಮಟ್ಟಿಗೆ ಇದೇ ತಿಂಗಳುಗಳಲ್ಲಿ. ಕಾಡಿಗೆ ಹೋಗಬೇಡಿ ಎಂದು ಡಂಗುರ ಸಾರುವುದು ಸುಲಭ. ಆದರೆ ಕೊಟ್ಟಿಗೆಯಿರುವ ಯಾವ ಮನೆಯೂ ಆ ಮಾತನ್ನು ಪಾಲಿಸಲಾರದು. ಮಳೆಗಾಲದಲ್ಲಿ ಉಂಬಳಕ್ಕೆ ನಾವು ಎಷ್ಟೊಂದು ಉಪಾಯ ಮಾಡುತ್ತೇವೆ! ಉಂಬಳ ಕಣ್ಣಿಗೆ ಕಾಣುತ್ತದೆ, ಕಚ್ಚಿದರೆ ರಕ್ತ ಸುರಿಯುತ್ತದೆ. ಉಂಬಳ ಹೋದ ಮೇಲೆ ಬರಿಗಾಲಿನಲ್ಲಿ ನಿಶ್ಚಿಂತೆಯಿಂದ ಕಾಡಿಗೆ ನಡೆಯುತ್ತೇವೆ. ಪ್ರಾಣಕ್ಕೆ ಎರವಾಗುವುದು ಆ ಬಳಿಕ ಬರುವ ಸಾಸಿವೆ ಕಾಳಿನಷ್ಟು ಸಣ್ಣ ಕೀಟ, ಅದು ಕಚ್ಚಿದ್ದು ಎಷ್ಟೋ ಸಲ ತಿಳಿಯುವುದೇ ಇಲ್ಲ.

ಇದು ಸಣ್ಣ ಮಾತಲ್ಲ. 1980ರ ದಶಕದ ಮೊದಲ ವರ್ಷಗಳಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಡು ಕಡಿದ ಪ್ರದೇಶದ ಸುತ್ತಮುತ್ತ ರೋಗ ಸ್ಫೋಟಿಸಿ ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಅನುಭವಿಸಿದ್ದನ್ನು ನಿಮ್ಮಲ್ಲಿ ಹಲವರು ಹತ್ತಿರದಿಂದ ಕಂಡಿದ್ದೀರಿ. 2012ರ ಬಳಿಕ ಬಂಡೀಪುರ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿಯೂ ರೋಗ ಕಾಣಿಸಿಕೊಂಡಿದೆ. ರೋಗ ತಗುಲಿದ ನೂರು ಮಂದಿಯಲ್ಲಿ ಮೂರರಿಂದ ಐವರು ಸಾಯುತ್ತಾರೆ ಎಂಬುದು ಸಾಮಾನ್ಯ ಲೆಕ್ಕ. ವೈರಸ್ಸನ್ನೇ ಕೊಲ್ಲುವ ಔಷಧ ಇದಕ್ಕಿಲ್ಲ. ದಶಕಗಳ ಕಾಲ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ನೀಡುತ್ತಿಲ್ಲವೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಸಂಶೋಧನೆ ಕೈಗೊಳ್ಳಲಾಗಿದೆ. ಅದು ನಮ್ಮ ಕೈಗೆ ಬರುವವರೆಗೆ ಉಣುಗು ಮೈಗೆ ಹತ್ತದಂತೆ ನೋಡಿಕೊಳ್ಳುವುದೇ ಮುಖ್ಯ ರಕ್ಷಣೆ.

ಆರೋಗ್ಯ ಇಲಾಖೆಯು ಉಚಿತವಾಗಿ ವಿತರಿಸುವ ಡೇಪಾ ಎಣ್ಣೆಯನ್ನು ಕಾಡಿಗೆ ಹೊರಡುವ ಮುನ್ನ ಕಾಲು, ಕೈ, ಕುತ್ತಿಗೆಗೆ ಹಚ್ಚಿಕೊಳ್ಳಬೇಕು. ಕಣ್ಣು, ಬಾಯಿ, ಗಾಯಗಳಿಗೆ ತಾಗಿಸಬಾರದು. ಅದರ ಪರಿಣಾಮ ಕೆಲವು ಗಂಟೆಗಳು ಮಾತ್ರ; ಇಡೀ ದಿನದ ಕೆಲಸವಿದ್ದರೆ ಮತ್ತೆ ಹಚ್ಚಬೇಕು. ಮೈತುಂಬ ಬಟ್ಟೆ ಇರಲಿ, ಅದು ತಿಳಿಬಣ್ಣದ್ದಾಗಿದ್ದರೆ ಹತ್ತಿದ ಉಣುಗು ಕಾಣುತ್ತದೆ. ನಮ್ಮ ಭಿತ್ತಿಪತ್ರಗಳಲ್ಲಿ ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿದ ಗಂಡಸಿನ ಚಿತ್ರವೇ ಇರುತ್ತದೆ. ದರಕು ಗುಡಿಸುವವರಲ್ಲಿ ಹೆಂಗಸರೇ ಹೆಚ್ಚು, ಅವರು ಉಡುವುದು ಸೀರೆ. ಸೀರೆಯ ಒಳಗೆ ಹಳೆಯ ಪ್ಯಾಂಟು ಧರಿಸಿ, ಅದರ ತುದಿಯನ್ನು ಕಾಲುಚೀಲದೊಳಗೆ ಸೇರಿಸುವಂತೆ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಹಿಳಾ ಸದಸ್ಯರೇ ಹೇಳಿದರೆ ಅದು ನಾಟುತ್ತದೆ.

ಕಾಡಿನ ನೆಲದಲ್ಲಿ ಕೂರಬಾರದು, ಮಲಗಬಾರದು. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಸಾಬೂನು ಹಚ್ಚಿ ಬಿಸಿನೀರಿನ ಸ್ನಾನ ಮಾಡಬೇಕು. ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು, ಸೊಂಟ, ಕಿವಿಯ ಹಿಂದೆ ನೋಡಿಕೊಳ್ಳಬೇಕು. ಕಚ್ಚಿಕೊಂಡ ಉಣುಗಿಗೆ ಸೀಮೆಎಣ್ಣೆ ಸುರಿಯುವುದು, ಬೆಂಕಿ ತಾಗಿಸುವುದು, ಬೆರಳಿನಲ್ಲಿ ಹಿಸುಕುವುದು ಬೇಡ. ಚಿಮುಟದಿಂದ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು, ತಿರುಚದೆ ನೇರವಾಗಿ ಎಳೆದು, ಜಾಗವನ್ನು ಸಾಬೂನಿನಿಂದ ತೊಳೆಯಬೇಕು. ಮೇಯಲು ಕಾಡಿಗೆ ಹೋಗಿ ಬರುವ ದನಗಳಿಗೆ ಈ ರೋಗ ಬಾರದಿದ್ದರೂ, ಉಣುಗಿನ ಸಂಖ್ಯೆ ಬೆಳೆಯುವುದು ಅವುಗಳ ರಕ್ತದಿಂದ. ಪಶುವೈದ್ಯರ ಸಲಹೆಯಂತೆ ಅವುಗಳಿಗೆ ಉಣುಗು ನಿವಾರಕ ಔಷಧ ಹಾಕಿಸಬೇಕು.

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ವಿಪರೀತ ತಲೆನೋವು, ಸೊಂಟ ಮತ್ತು ಕೈಕಾಲುಗಳ ನೋವು, ಕೆಲವರಲ್ಲಿ ವಾಂತಿ, ರಕ್ತಸ್ರಾವ ಕಾಣಿಸಿಕೊಳ್ಳುತ್ತವೆ. ಜ್ವರ ಇಳಿದು ಒಂದೆರಡು ವಾರದ ನಂತರ ಮತ್ತೆ ಬಂದು ಮಿದುಳಿಗೆ ತೊಂದರೆ ಕೊಡುವುದೂ ಉಂಟು. ಇಳಿಯಿತೆಂದು ಮರುದಿನವೇ ಕೆಲಸಕ್ಕೆ ಇಳಿಯಬಾರದು. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದು ಇಲ್ಲಿ ತೀರ ಅಪಾಯಕರ, ಏಕೆಂದರೆ ಆಸ್ಪಿರಿನ್‌ನಂತಹ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಮೊದಲ ದಿನಗಳಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆಗೆ ಕೊಡಬೇಕು. ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು.

ಪಂಚಾಯತಿಯಿಂದ ಆಗಬೇಕಾದದ್ದಕ್ಕೆ ಬರುತ್ತೇನೆ. ಎಣ್ಣೆ ಉಪಕೇಂದ್ರದ ಕಪಾಟಿನಲ್ಲಿ ಉಳಿದರೆ ಪ್ರಯೋಜನವಿಲ್ಲ. ವಾಸನೆಯೆಂದೋ ಜಿಡ್ಡೆಂದೋ ಹಚ್ಚದೆ ಇಡುವ ಮನೆಗಳು ಯಾವುವೆಂದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಆಕೆಯೊಂದಿಗೆ ವಾರ್ಡಿನ ಸದಸ್ಯರೂ ಆ ಮನೆಗಳಿಗೆ ಹೋಗಬೇಕು. ಕೊನೆ ಕೊಯ್ಲಿಗೆ ಹೊರಗಿನಿಂದ ಬರುವ ಕೂಲಿಕಾರರಿಗೆ ಈ ರೋಗದ ಹೆಸರೇ ತಿಳಿದಿರುವುದಿಲ್ಲ, ನಮ್ಮ ಮನೆವಾರು ಪಟ್ಟಿಯಲ್ಲಿ ಅವರು ಸೇರುವುದೂ ಇಲ್ಲ. ತೋಟದ ಮಾಲೀಕರ ಮೂಲಕ ಅವರಿಗೂ ಎಣ್ಣೆ ತಲುಪಿಸಬೇಕು. ಕಾಡಿನಂಚಿನ ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಹಾಜರಿ ತೆಗೆಯುವ ಹೊತ್ತಿಗೇ ಎಣ್ಣೆ ಹಚ್ಚಿಸುವ ಕೆಲಸವನ್ನು ಕಾಯಕ ಬಂಧುಗಳಿಗೆ ವಹಿಸಬಹುದು.

ಸತ್ತ ಮಂಗ ಕಂಡರೆ ಅದೇ ದಿನ ಸುದ್ದಿ ಮುಟ್ಟಬೇಕು. ಯಾರೂ ಅದನ್ನು ಮುಟ್ಟಬಾರದು, ಹತ್ತಿರ ಸುಳಿಯಬಾರದು, ಗೌರವದಿಂದ ಸಂಸ್ಕಾರ ಮಾಡುವ ಉದ್ದೇಶದಿಂದಲೂ ಎತ್ತಬಾರದು. ಆರೋಗ್ಯ, ಅರಣ್ಯ, ಪಶುಪಾಲನಾ ಇಲಾಖೆಗಳ ಸಿಬ್ಬಂದಿ ಬಂದು ಮಾದರಿ ತೆಗೆದು, ಕಳೇಬರವನ್ನು ಸುಟ್ಟು, ಸುತ್ತಲೂ ಮೆಲಾಥಿಯಾನ್ ಪುಡಿ ಎರಚುತ್ತಾರೆ. ಅದುವರೆಗೆ ಆ ದಾರಿಯಲ್ಲಿ ಜನ, ದನ ಹೋಗದಂತೆ ತಡೆಯುವುದು ಪಂಚಾಯತಿಯ ಕೆಲಸ. ಮೂರೂ ಇಲಾಖೆಗಳ ಸ್ಥಳೀಯ ದೂರವಾಣಿ ಸಂಖ್ಯೆಗಳನ್ನು ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಶಾಲೆಯ ಗೋಡೆಗಳಲ್ಲಿ ಬರೆಯಿಸಿ.

ಇವೆಲ್ಲವನ್ನೂ ಮೊದಲ ಜ್ವರ ಕಾಣಿಸಿಕೊಂಡ ಮೇಲೆ ಆರಂಭಿಸಿದರೆ ಕಾಲ ಮೀರಿರುತ್ತದೆ. ಕಾಡಿಗೆ ಹೋಗುವ ಮನೆಗಳ ಪಟ್ಟಿಯನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯು ಸೆಪ್ಟೆಂಬರ್‌ನಲ್ಲೇ ಸಿದ್ಧಪಡಿಸಲಿ. ಅಕ್ಟೋಬರ್ ತಿಂಗಳ ಸಾಮಾನ್ಯ ಸಭೆಯಲ್ಲಿ ಅದನ್ನು ಮಂಡಿಸಿ, ಬೇಕಾಗುವ ಎಣ್ಣೆಯ ಪ್ರಮಾಣವನ್ನು ನಮೂದಿಸಿ, ನಿರ್ಣಯದ ಪ್ರತಿಯನ್ನು ವೈದ್ಯಾಧಿಕಾರಿಗಳಿಗೆ ಕಳುಹಿಸಿಕೊಡಿ.