ಹಸಿವಿನ ಲೆಕ್ಕ ಇಡುವುದು ಹೊಟ್ಟೆಯಲ್ಲ, ಮಿದುಳು

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ಶಿಬಿರದಲ್ಲಿ ವೈದ್ಯ ದಂಪತಿಗಳು ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಶುಭ ಸಂದರ್ಭದಲ್ಲಿ ನಮ್ಮಿಬ್ಬರನ್ನೂ ಕರೆದು ಆರೋಗ್ಯದ ಬಗ್ಗೆ ನಾಲ್ಕು ಮಾತಾಡಿ ಎಂದಿದ್ದೀರಿ. ಬುದ್ಧಿ ಹೇಳುವ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದೆ ದಪ್ಪ ಮೈಯ ತಾಯಿಯೊಬ್ಬರು ಮಂಡಿನೋವು ಎಂದು ನಮ್ಮ ಕ್ಲಿನಿಕ್ಕಿಗೆ ಬಂದಿದ್ದರು. ಹತ್ತು ಜನ ಕೂತಿದ್ದ ಹಾಗೆಯೇ, "ಅಮ್ಮಾ, ಮೊದಲು ಬಾಯಿಗೆ ಬೀಗ ಹಾಕಿ" ಎಂದುಬಿಟ್ಟೆವು. ಎಲ್ಲರೂ ನಕ್ಕರು. ಆ ತಾಯಿ ಎರಡು ವರ್ಷ ನಮ್ಮ ಕಡೆ ತಲೆ ಹಾಕಲಿಲ್ಲ. ಮತ್ತೆ ಬಂದಾಗ ಕಾಲಲ್ಲಿ ಮಾಯದ ಹುಣ್ಣು, ರಕ್ತದಲ್ಲಿ ಮಿತಿಮೀರಿದ ಸಕ್ಕರೆ. ಯಾಕಮ್ಮ ಇಷ್ಟು ದಿನ ಬರಲಿಲ್ಲ ಎಂದರೆ, "ನೀವು ಬೈತೀರಿ ಅಂತ ಡಾಕ್ಟ್ರೇ. ಒಪ್ಪೊತ್ತು ಉಂಡು ತೂಕ ಇಳಿಸ್ದೆ. ಆಮೇಲೆ ಹಸಿವು ತಡೀಲಾರ್ದೆ ಎಲ್ಲಾ ವಾಪಸ್ ಬಂತು. ಹೇಳಿದ್ರೆ ಯಾರು ನಂಬ್ತಾರೆ?" ಎಂದರು. ಅವರು ಹೇಳಿದ್ದು ನಿಜವೇ ಆಗಿತ್ತು. ಹೇಗೆಂಬುದೇ ಇವತ್ತಿನ ವಿಷಯ.

ಹಸಿವಾಗುವುದು ಹೊಟ್ಟೆಗೆ ಎಂದು ನಾವೆಲ್ಲ ತಿಳಿದಿದ್ದೇವೆ. ಆದರೆ ಲೆಕ್ಕ ಇಡುವುದು ಮಿದುಳು. ಮಿದುಳಿನ ತಳಭಾಗದಲ್ಲಿ ಬಾದಾಮಿ ಗಾತ್ರದ ಒಂದು ಜಾಗವಿದೆ. ಅದಕ್ಕೆ ಹೈಪೊಥಲಾಮಸ್ ಎನ್ನುತ್ತಾರೆ. ಅದನ್ನು ನಮ್ಮ ಸಂಘದ ಕಾರ್ಯದರ್ಶಿ ಎಂದುಕೊಳ್ಳಿ. ಮೈಯಲ್ಲಿರುವ ಕೊಬ್ಬೇ ಗೋದಾಮು. ಗೋದಾಮಿನಲ್ಲಿ ದಾಸ್ತಾನು ಎಷ್ಟಿದೆ ಎಂದು ಕಾರ್ಯದರ್ಶಿಗೆ ದಿನವೂ ವರದಿ ಹೋಗಬೇಕಲ್ಲವೇ? ಹಾಗೆ ಕೊಬ್ಬಿನಿಂದ ಮಿದುಳಿಗೆ ವರದಿ ಒಯ್ಯುವ ರಸದ ಹೆಸರು ಲೆಪ್ಟಿನ್.

ಇದು ಗೊತ್ತಾದದ್ದು ಇಲಿಗಳಿಂದ. 1949ರಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ತಿಂದಷ್ಟೂ ಸಾಲದೆ ಉಬ್ಬುವ ಇಲಿಗಳು ಕಂಡುಬಂದವು. ಅವುಗಳ ರಕ್ತದಲ್ಲಿ 'ಸಾಕು' ಎನ್ನುವ ಯಾವುದೋ ವಸ್ತು ಇಲ್ಲವೆಂದು ಡಗ್ಲಸ್ ಕೋಲ್ಮನ್ ಎಂಬ ವಿಜ್ಞಾನಿ ತೋರಿಸಿದರು. ಆ ವಸ್ತುವನ್ನು ತಯಾರಿಸುವ ವಂಶವಾಹಿಯನ್ನು 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಪತ್ತೆ ಮಾಡಿತು. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಮಕ್ಕಳೂ ಅಪರೂಪಕ್ಕೆ ಇದ್ದಾರೆ. ಇಂಗ್ಲೆಂಡಿನಲ್ಲಿ ಅಂಥ 9 ವರ್ಷದ ಹುಡುಗಿಯೊಬ್ಬಳು 90 ಕಿಲೋಗೂ ಮೇಲಿದ್ದಳು. ಲೆಪ್ಟಿನ್ ಚುಚ್ಚುಮದ್ದು ಕೊಟ್ಟ ಮೇಲೆ ಹಸಿವು ಹಿಡಿತಕ್ಕೆ ಬಂದು, ಒಂದು ವರ್ಷದಲ್ಲಿ 16 ಕಿಲೋ ಇಳಿದಳು. 1999ರಲ್ಲಿ ಇದು ಪ್ರಕಟವಾಯಿತು. ಆ ಮಗುವಿಗೆ ಹೊಟ್ಟೆಬಾಕ ಎಂದು ಬೈದಿದ್ದರೆ ಏನು ಪ್ರಯೋಜನವಿತ್ತು ಹೇಳಿ?

ಹಾಗಾದರೆ ದಪ್ಪಗಿರುವ ಎಲ್ಲರಿಗೂ ಅದೇ ಚುಚ್ಚುಮದ್ದು ಕೊಡಬಹುದಲ್ಲ ಎಂದು ಕೇಳಬಹುದು. ಅಲ್ಲೇ ತೊಡಕು ಇರುವುದು. ಹೆಚ್ಚಿನವರಿಗೆ ಲೆಪ್ಟಿನ್ ಕೊರತೆ ಇಲ್ಲ, ಬೇಕಾದಷ್ಟಿದೆ. ಆದರೆ ಮಿದುಳಿಗೆ ಕಿವಿ ಮಂದವಾಗಿದೆ. ಗೋದಾಮು ತುಂಬಿದ್ದರೂ ಕಾರ್ಯದರ್ಶಿ ಮತ್ತೆ ಮಾಲು ತರಿಸುತ್ತಲೇ ಇರುತ್ತಾರೆ. ಇದರ ಮೇಲೆ ಬಾಯಿರುಚಿಯ ಸೆಳೆತ ಬೇರೆ. ಹೊಟ್ಟೆ ತುಂಬಿದ್ದರೂ ಎಲೆಗೆ ಒಬ್ಬಟ್ಟು ಬಂದರೆ ಜಾಗವಾಗುತ್ತದಲ್ಲ, ಅದೂ ಮಿದುಳಿನದೇ ಆಟ.

ಇನ್ನು ಉಪವಾಸದ ವಿಚಾರ. ತೂಕ ಇಳಿದ ಕೂಡಲೇ ಮಿದುಳು 'ಬರಗಾಲ ಬಂತು' ಎಂದು ಗಾಬರಿಯಾಗುತ್ತದೆ. ಖರ್ಚು ಕಡಿಮೆ ಮಾಡಿ ಹಸಿವು ಹೆಚ್ಚಿಸುತ್ತದೆ. ಹೊಟ್ಟೆಯಿಂದ ಬರುವ ಗ್ರೆಲಿನ್ ಎಂಬ ಹಸಿವಿನ ರಸ ಏರುತ್ತದೆ, ಲೆಪ್ಟಿನ್ ಇಳಿಯುತ್ತದೆ. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ, ಹತ್ತು ವಾರ ಕಟ್ಟುನಿಟ್ಟಿನ ಪಥ್ಯ ಮಾಡಿ ಇಳಿದವರಿಗೆ ಒಂದು ವರ್ಷವಾದರೂ ಹಸಿವು ಮೊದಲಿಗಿಂತ ಹೆಚ್ಚಾಗಿಯೇ ಇತ್ತು. ಆ ತಾಯಿ ಹೇಳಿದ್ದೂ ಇದನ್ನೇ.

ಹಾಗಂತ ಕೈಕಟ್ಟಿ ಕೂರಬೇಕಾಗಿಲ್ಲ. ತೂಕದಲ್ಲಿ ನೂರಕ್ಕೆ ಐದು ಭಾಗ ಇಳಿದರೂ ಸಕ್ಕರೆ, ರಕ್ತದೊತ್ತಡಕ್ಕೆ ಅನುಕೂಲವಿದೆ. ಅವಸರದಿಂದ ಉಣ್ಣಬೇಡಿ. ಸಾಕೆನ್ನುವ ಸುದ್ದಿ ಮಿದುಳಿಗೆ ತಲುಪಲು ಸುಮಾರು ಇಪ್ಪತ್ತು ನಿಮಿಷ ಬೇಕು. ಮುದ್ದೆ ಚಿಕ್ಕದಿರಲಿ, ಸೊಪ್ಪು, ಹುರುಳಿ, ಅವರೆಕಾಳು ಹೆಚ್ಚಿರಲಿ. ನಿದ್ದೆ ಕೆಟ್ಟರೆ ಹಸಿವು ಹೆಚ್ಚುತ್ತದೆ, ಹೊತ್ತಿಗೆ ಸರಿಯಾಗಿ ಮಲಗಿ. ದಿನವೂ ನಡೆಯಿರಿ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ.

ಮಿದುಳಿಗೇ 'ಸಾಕು' ಎಂದು ಹೇಳುವ ಸೆಮಾಗ್ಲುಟೈಡ್ ಎಂಬ ಚುಚ್ಚುಮದ್ದು ತೂಕ ಇಳಿಸಲೆಂದು 2025ರಲ್ಲಿ ನಮ್ಮ ದೇಶದ ಪೇಟೆಗೂ ಬಂದಿದೆ. ಕೆಲಸ ಮಾಡುತ್ತದೆ, ನಿಜ. ಆದರೆ ವಾಕರಿಕೆ, ವಾಂತಿ ಆಗಬಹುದು. ನಿಲ್ಲಿಸಿದರೆ ಇಳಿದ ತೂಕದ ಹೆಚ್ಚಿನ ಭಾಗ ಮತ್ತೆ ಬರುತ್ತದೆ. ವೈದ್ಯರನ್ನು ಕೇಳದೆ ಯಾರೂ ಮುಟ್ಟಬೇಡಿ.

ಕೊನೆಯದಾಗಿ ಒಂದು ಬಿನ್ನಹ. ಮದುವೆ ಪಂಕ್ತಿಯಲ್ಲಿ, ಶಾಲೆಯಲ್ಲಿ, ಸಂಘದ ಜಗುಲಿಯಲ್ಲಿ ದಪ್ಪಗಿರುವವರನ್ನು ಆಡಿಕೊಳ್ಳುವುದನ್ನು ಬಿಡೋಣ. ಸಾಕು ಎಂದವರ ಎಲೆಗೆ ಬಲವಂತವಾಗಿ ಬಡಿಸುವುದನ್ನೂ ಬಿಡೋಣ. ನಗೆಗೆ ಅಂಜಿದವರು ಆಸ್ಪತ್ರೆಯಿಂದ ದೂರ ಉಳಿಯುತ್ತಾರೆ. ನಾವು ಅದನ್ನು ಕಣ್ಣಾರೆ ಕಂಡಿದ್ದೇವೆ. ಒಬ್ಬರಿಗೊಬ್ಬರು ಹೆಗಲು ಕೊಡುವುದೇ ಸಹಕಾರ ಎಂದು ಇಪ್ಪತ್ತೈದು ವರ್ಷ ನಡೆದು ತೋರಿಸಿದವರು ತಾವು. ಈ ವಿಷಯದಲ್ಲೂ ಹಾಗೇ ನಡೆದುಕೊಳ್ಳೋಣ.